ಕರಿಕೋಟಿನ ಮೊದಲ ಮೂರು ವರ್ಷ

1961ರಲ್ಲಿ ನಮ್ಮ ಸಂಸತ್ತು ಮಾಡಿದ ಕಾಯ್ದೆಗಳ ಪಟ್ಟಿಯಲ್ಲಿ ಎರಡು ಹೆಸರುಗಳಿವೆ. ಒಂದು ಅಪ್ರೆಂಟಿಸ್ ಕಾಯ್ದೆ, ಇನ್ನೊಂದು ವಕೀಲರ ಕಾಯ್ದೆ. ಮೊದಲನೆಯದು ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಹುಡುಗರಿಗಾಗಿ ಬಂದದ್ದು. 1973ರ ತಿದ್ದುಪಡಿಯ ನಂತರ ನಮ್ಮಂಥ ಎಂಜಿನಿಯರಿಂಗ್ ಪದವೀಧರರೂ ಅದರೊಳಗೆ ಬಂದೆವು. 2019ರ ನಿಯಮದ ಪ್ರಕಾರ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಶಿಷ್ಯವೇತನ ಕೊಡಬೇಕು. 2025ರ ಮೇ ತಿಂಗಳಲ್ಲಿ ಅದನ್ನು 12,300ಕ್ಕೆ ಏರಿಸುವಂತೆ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಎರಡನೇ ಕಾಯ್ದೆ ವಕೀಲರ ಪರಿಷತ್ತುಗಳನ್ನು ಹುಟ್ಟುಹಾಕಿತು. ಯಾರು ವಕೀಲರಾಗಬಹುದು, ಅವರ ಶಿಸ್ತು ಹೇಗಿರಬೇಕು, ತಪ್ಪು ಮಾಡಿದರೆ ಸನ್ನದು ಹೇಗೆ ಕಿತ್ತುಕೊಳ್ಳಬೇಕು ಎಲ್ಲವೂ ಅದರಲ್ಲಿದೆ. ಸೀನಿಯರ್ ಒಬ್ಬರ ಆಫೀಸಿನಲ್ಲಿ ಕಡತ ಹೊತ್ತು ಕೆಲಸ ಕಲಿಯುವ ಜೂನಿಯರ್‌ಗೆ ತಿಂಗಳ ಕೊನೆಗೆ ಎಷ್ಟು ಸಿಗಬೇಕು ಎಂಬುದು ಮಾತ್ರ ಇಲ್ಲ.

ನಾನು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮೂರನೇ ವರ್ಷ ಓದುತ್ತಿದ್ದೇನೆ. ವಕೀಲಿಕೆಯ ಬಗ್ಗೆ ಬರೆಯಲು ನನಗೇನು ಹಕ್ಕು ಎಂದು ಕೇಳಬಹುದು. ನಮ್ಮ ಚಿಕ್ಕಮ್ಮನ ಮಗಳು, ನನಗೆ ಆರು ವರ್ಷಕ್ಕೆ ದೊಡ್ಡವಳು, ಜಿಲ್ಲಾ ನ್ಯಾಯಾಲಯವೊಂದರಲ್ಲಿ ವಕೀಲೆ. ಮನೆತನದಲ್ಲಿ ಕರಿಕೋಟು ಹಾಕಿದ ಮೊದಲನೆಯವಳು. ಕಳೆದ ಎರಡು ವರ್ಷಗಳಿಂದ ಹಬ್ಬಕ್ಕೆ ಸೇರಿದಾಗಲೆಲ್ಲ ನಮ್ಮಿಬ್ಬರ ಮಾತು ಇದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಹಾಗಾಗಿ ಈಚಿನ ತೀರ್ಪುಗಳು, ಸುತ್ತೋಲೆಗಳನ್ನು ಹುಡುಕಿ ಓದುವ ಚಟ ನನಗೂ ಅಂಟಿಕೊಂಡಿದೆ.

ಸಂಬಳದ ಪ್ರಶ್ನೆ 2024ರಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಕೇಳಿಬಂತು. ಆ ವರ್ಷದ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್, ಚೆನ್ನೈ, ಮದುರೈ, ಕೊಯಮತ್ತೂರಿನಲ್ಲಿ ಜೂನಿಯರ್ ವಕೀಲರಿಗೆ ತಿಂಗಳಿಗೆ ಕನಿಷ್ಠ 20,000 ಮತ್ತು ಉಳಿದೆಡೆ 15,000 ರೂಪಾಯಿ ಸಿಗುವಂತೆ ನೋಡಿಕೊಳ್ಳಬೇಕೆಂದು ತಮಿಳುನಾಡು–ಪುದುಚೇರಿ ವಕೀಲರ ಪರಿಷತ್ತಿಗೆ ಹೇಳಿತು. ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತೂ ಒಂದು ಸುತ್ತೋಲೆ ಹೊರಡಿಸಿತು: ನಗರಗಳಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000, ಕನಿಷ್ಠ ಮೂರು ವರ್ಷ. ನನ್ನ ಕ್ಲಾಸಿನ ಗೆಳೆಯರಿಗೆ ಇದನ್ನು ತೋರಿಸಿದಾಗ 'ಅಬ್ಬಾ, ನಮ್ಮ ಇಂಟರ್ನ್‌ಶಿಪ್‌ಗಿಂತ ಎಷ್ಟೋ ವಾಸಿ' ಅಂದರು. ಆದರೆ ಸುತ್ತೋಲೆಯನ್ನು ಎರಡನೇ ಸಲ ಓದಬೇಕು. ಅದು ಶಿಫಾರಸು. ಸಣ್ಣ ಊರುಗಳ ಸೀನಿಯರ್‌ಗಳಿಗೆ, ಸಣ್ಣ ಆಫೀಸುಗಳಿಗೆ ಅಷ್ಟು ಕೊಡುವ ಶಕ್ತಿ ಇರಲಿಕ್ಕಿಲ್ಲ ಎಂದು ಅದೇ ಒಪ್ಪಿಕೊಳ್ಳುತ್ತದೆ. ಕೊಡದಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು ಎಂದಷ್ಟೇ ಅದರಲ್ಲಿದೆ.

ಅಕ್ಕನಿಗೆ ಮೊದಲ ವರ್ಷ ಸಿಗುತ್ತಿದ್ದುದು ತಿಂಗಳಿಗೆ 3,000. ಅದೂ ಪ್ರತಿ ತಿಂಗಳಲ್ಲ. ಬಸ್ ಪಾಸು, ಮಧ್ಯಾಹ್ನದ ಊಟ, ಜೆರಾಕ್ಸ್, ವಾರಕ್ಕೊಮ್ಮೆ ಬಿಳಿ ಸೀರೆಯ ಇಸ್ತ್ರಿ ಕಳೆದರೆ ಉಳಿಯುತ್ತಿದ್ದುದು ಸೊನ್ನೆಯೂ ಅಲ್ಲ, ಸಾಲ. ಬೇರೆ ಕಡೆ ದುಡಿದು ತೂಗಿಸೋಣವೆಂದರೆ ದಾರಿ ಕಿರಿದು. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ, ತಾವೇ ನಿಂತು ವ್ಯಾಪಾರ ನಡೆಸುವಂತಿಲ್ಲ. ಕಾನೂನು ಪರೀಕ್ಷೆಗೆ ಪಾಠ ಹೇಳುವುದು, ಪತ್ರಿಕೆಗೆ ಬರೆಯುವುದು ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. 'ಎರಡರಿಂದಲೂ ನಿಮ್ಮ ಊರಲ್ಲಿ ಎಷ್ಟು ದುಡ್ಡು ಬರುತ್ತೆ ಹೇಳು ನೋಡೋಣ' ಎನ್ನುತ್ತಾಳೆ ಅಕ್ಕ. ಜಾಹೀರಾತು ಕೊಡುವುದಕ್ಕೂ ನಿಷೇಧ. ನಾವು ಒಂದು ಪ್ರಾಜೆಕ್ಟ್ ಮುಗಿಸಿದರೆ ಲಿಂಕ್ಡ್‌ಇನ್‌ನಲ್ಲಿ ಡಂಗುರ ಸಾರುತ್ತೇವೆ. ಅವಳು ಕೇಸು ಗೆದ್ದರೆ ಗೆದ್ದೆ ಎಂದು ಬೋರ್ಡು ಹಾಕುವಂತಿಲ್ಲ. ನಿಯಮಗಳ ಉದ್ದೇಶ ನನಗೆ ಅರ್ಥವಾಗುತ್ತದೆ, ವಕೀಲಿಕೆ ಅಂಗಡಿಯಲ್ಲ. ಆದರೆ ಬೇರೆಡೆ ದುಡಿಯಬೇಡ ಎನ್ನುವ ವೃತ್ತಿ, ಇಲ್ಲಿ ದುಡಿದದ್ದಕ್ಕೆ ಇಷ್ಟಾದರೂ ಸಿಗಲಿ ಎಂದೂ ಹೇಳಬೇಕಲ್ಲವೇ?

ಸೀನಿಯರ್‌ಗಳೆಲ್ಲ ಜಿಪುಣರು ಎಂದು ಬರೆದರೆ ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕಕ್ಷಿದಾರ ಫೀಸನ್ನು ಕಂತಿನಲ್ಲಿ ಕೊಡುತ್ತಾನೆ. ಅಡಿಕೆ ಮಾರಾಟವಾದ ಮೇಲೆ, ಮೆಕ್ಕೆಜೋಳದ ದುಡ್ಡು ಬಂದ ಮೇಲೆ ಅನ್ನುತ್ತಾನೆ. ದಾವೆ ಹತ್ತು ವರ್ಷ ನಡೆದರೆ ಫೀಸೂ ಹತ್ತು ವರ್ಷ ಹರಿದು ಹಂಚಿಹೋಗುತ್ತದೆ. ದೇಶದ ನ್ಯಾಯಾಲಯಗಳಲ್ಲಿ ಬಾಕಿ ಇರುವ ಪ್ರಕರಣಗಳು ಐದು ಕೋಟಿ ದಾಟಿವೆ ಎಂಬುದನ್ನು ನಾವು ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ಓದುತ್ತೇವೆ. ಆ ವಿಳಂಬದ ಬೆಲೆಯಲ್ಲಿ ಒಂದು ಪಾಲನ್ನು ಜೂನಿಯರ್‌ಗಳು ತೆರುತ್ತಿದ್ದಾರೆ ಎಂಬುದು ನನಗೆ ಹೊಳೆದದ್ದು ಅಕ್ಕನ ಮಾತು ಕೇಳಿದ ಮೇಲೆಯೇ. ಹಾಗೆಂದು ನಗರದಲ್ಲಿ ಒಂದೊಂದು ಹಾಜರಿಗೆ ಲಕ್ಷಗಟ್ಟಲೆ ಪಡೆಯುವವರಿಗೂ ಇದೇ ಸಮಜಾಯಿಷಿ ಸಲ್ಲುವುದಿಲ್ಲ.

ಇದರ ಮೇಲೆ 2025ರ ಮೇ 20ರ ತೀರ್ಪು ಬಂತು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ ಮತ್ತೆ ಜಾರಿಗೆ ತಂದಿತು. 1993ರಲ್ಲಿ ಇದೇ ನಿಯಮವನ್ನು ಕೋರ್ಟ್ ಮಾಡಿತ್ತು. ಮೂರು ವರ್ಷ ಕಾದರೆ ಪ್ರತಿಭಾವಂತರು ಬೇರೆಡೆ ಹೋಗಿಬಿಡುತ್ತಾರೆ ಎಂಬ ಚಿಂತೆಯಿಂದ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ನೇತೃತ್ವದ ಆಯೋಗ ಅದನ್ನು ಕೈಬಿಡಲು ಶಿಫಾರಸು ಮಾಡಿತ್ತು. 2002ರಲ್ಲಿ ನಿಯಮ ಸಡಿಲಾಯಿತು. ಈಗ ಮತ್ತೆ ಬಿಗಿಯಾಗಿದೆ. ಕೋರ್ಟಿನ ಒಳಹೊರಗು ಗೊತ್ತಿಲ್ಲದವರು ನೇರವಾಗಿ ನ್ಯಾಯಪೀಠದಲ್ಲಿ ಕೂತರೆ ತೊಂದರೆ ಎಂಬ ಕಾರಣವನ್ನು ನಾನು ಒಪ್ಪುತ್ತೇನೆ. ಸೇತುವೆ ಕಟ್ಟುವ ಸೈಟ್ ನೋಡದವನ ಕೈಗೆ ಸೇತುವೆಯ ಸುರಕ್ಷತಾ ಪ್ರಮಾಣಪತ್ರದ ಪೆನ್ನು ಕೊಡುವುದಿಲ್ಲವಲ್ಲ.

ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರು ವರ್ಷದ ಕೆಲಸ ಕಡ್ಡಾಯ. ಅದೇ ಮೂರು ವರ್ಷದ ಸಂಬಳ ಐಚ್ಛಿಕ. ಅಷ್ಟೇ ಅಲ್ಲ, ಮೂರು ವರ್ಷ ಪ್ರಾಕ್ಟೀಸ್ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಪ್ರಧಾನ ನ್ಯಾಯಾಧೀಶರು ಕೊಡಬಹುದು, ಅಥವಾ ಹತ್ತು ವರ್ಷ ಅನುಭವವಿರುವ ವಕೀಲರು ಕೊಟ್ಟು ಅದನ್ನು ನ್ಯಾಯಾಧೀಶರು ದೃಢೀಕರಿಸಬೇಕು. ಅಂದರೆ ಸಹಿಗಾಗಿ ಯಾರ ಮುಂದೆ ನಿಲ್ಲಬೇಕೋ, ಬಹಳ ಸಲ ಸಂಬಳ ಕೇಳಬೇಕಾದದ್ದೂ ಅವರನ್ನೇ. ಹಣದ ಮಾತೆತ್ತಲು ಜೂನಿಯರ್‌ಗೆ ಎಷ್ಟು ಧೈರ್ಯ ಬಂದೀತು? ನ್ಯಾಯಾಧೀಶರಾಗಬೇಕೆಂದಿರುವ, ಮನೆಯಲ್ಲಿ ಅನುಕೂಲವಿಲ್ಲದ ಹುಡುಗಿ ಮೂರು ವರ್ಷ ಕಾಯಲಾರದೆ ಕಂಪನಿಯ ಕಾಗದಪತ್ರ ವಿಭಾಗಕ್ಕೆ ಸೇರಿದರೆ ನಾಳೆಯ ನ್ಯಾಯಪೀಠದಲ್ಲಿ ಕೂರುವವರು ಯಾರು? ಕಾಯುವಷ್ಟು ಕಾಸಿರುವ ಮನೆಯವರು. ನ್ಯಾಯಾಂಗದಲ್ಲಿ ಸಾಮಾಜಿಕ ವೈವಿಧ್ಯ ಇಲ್ಲ ಎಂಬ ಚರ್ಚೆ ಪ್ರತಿವರ್ಷ ನಡೆಯುತ್ತದೆ. ಅದು ಸೋಸಿಹೋಗುವ ಜಾಗಗಳಲ್ಲಿ ಇದೂ ಒಂದು.

ಇಷ್ಟಾದರೂ ಅಕ್ಕ ಬಿಟ್ಟಿಲ್ಲ. ಅದಕ್ಕೆ ಕಾರಣ ಅವಳ ಆಸಕ್ತಿ. 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಮೊಬೈಲ್ ವಿಡಿಯೊ, ವಾಟ್ಸ್ಆ್ಯಪ್ ಮೆಸೇಜು, ಸಿಸಿಟಿವಿ ದೃಶ್ಯವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಅದರ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಎರಡು ಭಾಗ: ಒಂದನ್ನು ಸಾಕ್ಷ್ಯ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿ 'ಎಸ್‌ಎಚ್‌ಎ 256 ಅಂದ್ರೆ ಏನೋ?' ಎಂದು ಕೇಳಿದಳು. ಸೆಮಿಸ್ಟರ್ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ, ಆದರೆ ಮನುಷ್ಯರಿಗೆ ಅರ್ಥವಾಗುವಂತೆ ಹೇಳಿದ್ದು ಅದೇ ಮೊದಲು. ಫೈಲನ್ನು ಒಂದು ಗಣಿತದ ಗಿರಣಿಗೆ ಹಾಕಿದರೆ ನಿಗದಿತ ಉದ್ದದ ಒಂದು ಸಂಖ್ಯೆ ಹೊರಬರುತ್ತದೆ, ಹೆಬ್ಬೆಟ್ಟಿನ ಗುರುತಿನ ಹಾಗೆ. ವಿಡಿಯೊದ ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಹಾಗಾಗಿ ಪೊಲೀಸರು ವಶಪಡಿಸಿಕೊಂಡ ದಿನದ ಸಂಖ್ಯೆ, ಕೋರ್ಟಿಗೆ ಬಂದ ದಿನದ ಸಂಖ್ಯೆ ಒಂದೇ ಆಗಿದ್ದರೆ ನಡುವೆ ಯಾರೂ ಕೈಯಾಡಿಸಿಲ್ಲ ಎಂದರ್ಥ.

ಅದಾದ ಮೇಲೆ ಅವಳು ನನ್ನಿಂದ ಕೇಳಿ, ತಾನೇ ಓದಿ, ಈ ವಿಷಯದಲ್ಲಿ ಪಳಗಿದಳು. ಈಗ ಅವಳ ಸೀನಿಯರ್ ಆಫೀಸಿಗೆ ಮಾತ್ರವಲ್ಲ, ಪಕ್ಕದ ಎರಡು ಆಫೀಸುಗಳಿಗೂ ಡಿಜಿಟಲ್ ಸಾಕ್ಷ್ಯದ ಪ್ರಮಾಣಪತ್ರದ ಕರಡು ಅವಳೇ ಮಾಡುತ್ತಾಳೆ. ಇ-ಫೈಲಿಂಗ್ ಗೊತ್ತಿಲ್ಲದ ಹಿರಿಯ ವಕೀಲರು ಪೆನ್‌ಡ್ರೈವ್ ಹಿಡಿದು ಅವಳ ಟೇಬಲ್ಲಿನ ಹತ್ತಿರ ಬರುತ್ತಾರೆ. ಕೇಂದ್ರ ಸರ್ಕಾರ 2023ರಲ್ಲಿ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿದೆ. ಸರ್ವರ್, ಸ್ಕ್ಯಾನರ್‌ಗಳಿಗೆ ದುಡ್ಡಿದೆ. ಅವನ್ನು ನಡೆಸಲು ಗೊತ್ತಿರುವ ಹೊಸ ತಲೆಮಾರಿನ ವಕೀಲರನ್ನು ಉಳಿಸಿಕೊಳ್ಳಲು ಇಲ್ಲ. ಕಾನೂನು ಓದುತ್ತಿರುವ ಗೆಳೆಯರಿಗೆ ನಾನು ಹೇಳುವುದಿಷ್ಟು: ಭೂವ್ಯಾಜ್ಯ, ವಿಚ್ಛೇದನ, ಚೆಕ್ ಬೌನ್ಸ್ ಕಲಿಯಿರಿ, ಜೊತೆಗೆ ಇಂಥ ಒಂದು ಮೂಲೆಯನ್ನು ನಿಮ್ಮದಾಗಿಸಿಕೊಳ್ಳಿ. ಸೀನಿಯರ್‌ಗೆ ಗೊತ್ತಿಲ್ಲದ ಒಂದು ವಿಷಯ ನಿಮಗೆ ಗೊತ್ತಿದ್ದರೆ ಸಂಬಳದ ಮಾತು ಸ್ವಲ್ಪ ಸಲೀಸು. ಅಕ್ಕನಿಗೆ ಈಗ 8,000 ಸಿಗುತ್ತಿದೆ.

ಆದರೆ ಒಬ್ಬೊಬ್ಬರೇ ಜಾಣರಾಗಿ ಬಚಾವಾಗುವುದು ಉತ್ತರವಲ್ಲ. ಇಲ್ಲಿ ಸಂಘದ ಪ್ರಶ್ನೆ ಬರುತ್ತದೆ. ನಾನು ಮೊದಲು ಒಂದೇ ಎಂದುಕೊಂಡಿದ್ದ ಎರಡು ಸಂಸ್ಥೆಗಳು ಬೇರೆ ಬೇರೆ. ವಕೀಲರ ಪರಿಷತ್ತು ಕಾಯ್ದೆಯಿಂದ ಹುಟ್ಟಿದ್ದು, ಸನ್ನದು ಕೊಡುವುದು ಅದು. ವಕೀಲರ ಸಂಘ ಆಯಾ ಕೋರ್ಟಿನ ವಕೀಲರು ತಾವೇ ಕಟ್ಟಿಕೊಂಡದ್ದು. ಲೈಬ್ರರಿ, ಕೂರಲು ಜಾಗ, ಕ್ಯಾಂಟೀನ್, ಮಹಿಳೆಯರ ಕೊಠಡಿ, ಕಲಾಪ ಬಹಿಷ್ಕಾರದ ನಿರ್ಧಾರ ಎಲ್ಲವೂ ಸಂಘದ ಕೈಯಲ್ಲಿ. ರಾಜ್ಯ ಪರಿಷತ್ತಿನಲ್ಲಿ ದೊಡ್ಡ ರಾಜ್ಯಗಳಿಗೆ 25 ಚುನಾಯಿತ ಸದಸ್ಯರು, ಐದು ವರ್ಷದ ಅವಧಿ, ರಾಜ್ಯಸಭೆಯ ಚುನಾವಣೆಯಂತೆ ಪ್ರಾಶಸ್ತ್ಯದ ಮತ. ಕಾಯ್ದೆಯ 3ನೇ ಕಲಮಿನಲ್ಲಿ ಇನ್ನೊಂದು ಸ್ವಾರಸ್ಯವಿದೆ: ಚುನಾಯಿತ ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಕನಿಷ್ಠ ಹತ್ತು ವರ್ಷ ಅನುಭವವಿರುವವರೇ ಆಗಿರಬೇಕು. ಹತ್ತು ವರ್ಷ ಮೀರಿದವರಿಗೆ ಜಾಗ ಕಾದಿರಿಸಿದ ಕಾಯ್ದೆ, ಮೂರು ವರ್ಷ ತುಂಬದವರಿಗೆ ಒಂದನ್ನೂ ಇಟ್ಟಿಲ್ಲ. ಸಂಬಳ ಕೊಡಬೇಕಾದವರೇ ಸಂಬಳದ ನಿಯಮ ಮಾಡುವ ಮೇಜಿನ ಸುತ್ತ ಕೂತಿದ್ದಾರೆ. ಸುತ್ತೋಲೆ ಶಿಫಾರಸಾಗಿಯೇ ಉಳಿದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಮೇಜಿನ ಸುತ್ತ ಯಾರಿದ್ದಾರೆ ಎಂಬುದು ಬದಲಾಗಬಹುದು ಎನ್ನಲು ಮಹಿಳಾ ವಕೀಲರ ಉದಾಹರಣೆ ಇದೆ. ಮಹಿಳೆಯರು ವಕೀಲಿಕೆ ಮಾಡಲು ಕಾನೂನಿನ ಅಡ್ಡಿ ನಿವಾರಣೆಯಾದದ್ದು 1923ರಲ್ಲಿ. ಸುಮಾರು ನೂರು ವರ್ಷಗಳ ನಂತರ, 2021ರಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಲೆಕ್ಕ ಕೊಟ್ಟರು: ದೇಶದ 17 ಲಕ್ಷ ವಕೀಲರಲ್ಲಿ ಮಹಿಳೆಯರು ಶೇ 15, ರಾಜ್ಯ ಪರಿಷತ್ತುಗಳ ಚುನಾಯಿತರಲ್ಲಿ ಬರೀ ಶೇ 2. ತಾನಾಗಿ ಬದಲಾಗಲಿ ಎಂದು ಕಾದಿದ್ದರೆ ಇನ್ನೂ ನೂರು ವರ್ಷ ಬೇಕಿತ್ತೇನೋ. 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ತನ್ನದೇ ಅಂಗಳದ ವಕೀಲರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿತು. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನ ಮಹಿಳೆಗೆ, ಆಡಳಿತ ಮಂಡಳಿಯಲ್ಲಿ ಶೇ 30 ಮಹಿಳೆಯರಿಗೆ ಎಂದಿತು. ಮಾರ್ಚ್‌ನಲ್ಲಿ ಅದನ್ನು ಕರ್ನಾಟಕದ ಜಿಲ್ಲಾ ವಕೀಲರ ಸಂಘಗಳಿಗೂ ವಿಸ್ತರಿಸಿತು. ಡಿಸೆಂಬರ್‌ನಲ್ಲಿ, ಚುನಾವಣಾ ಪ್ರಕ್ರಿಯೆ ಇನ್ನೂ ಶುರುವಾಗದ ರಾಜ್ಯ ವಕೀಲರ ಪರಿಷತ್ತುಗಳಲ್ಲೂ ಶೇ 30 ಇರಬೇಕು ಎಂದಿತು. ಖಜಾಂಚಿ ಸ್ಥಾನವೇ ಯಾಕೆ ಎಂದು ಅಕ್ಕನನ್ನು ಕೇಳಿದೆ. 'ಸಂಘದ ಲೆಕ್ಕದ ಪುಸ್ತಕ ಯಾರ ಹತ್ತಿರ ಇರುತ್ತೋ ಅವರನ್ನು ಯಾರೂ ಸಭೆಗೆ ಕರೆಯದೆ ಇರೋಕಾಗಲ್ಲ' ಎಂದಳು.

ಅವರ ಸಂಘದಲ್ಲೂ ಈಗ ಖಜಾಂಚಿ ಮಹಿಳೆ. ಅವರ ಪರವಾಗಿ ಅಕ್ಕ ಮನೆಮನೆಗೆ ಅಲ್ಲದಿದ್ದರೂ ಟೇಬಲ್ಲು ಟೇಬಲ್ಲಿಗೆ ಹೋಗಿ ಮತ ಕೇಳಿದ್ದಳು. ಚುನಾವಣೆಯ ನಂತರದ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಒಂದು ಸಣ್ಣ ಪ್ರಸ್ತಾವ ಮಂಡಿಸಿದಳು: 20,000 ಬೇಡ, 15,000ವೂ ಬೇಡ, ಪ್ರತಿ ಆಫೀಸೂ ಜೂನಿಯರ್‌ಗೆ ತಿಂಗಳಿಗೆ ಕನಿಷ್ಠ 5,000 ಕೊಡುವುದಾಗಿ ಸಂಘ ಒಂದು ಠರಾವು ಮಾಡಲಿ. ಒಬ್ಬ ಹಿರಿಯರು 'ನಾವೂ ಹೀಗೇ ಕಲಿತವರಮ್ಮ' ಎಂದರು. ಕೆಲವರು ನಕ್ಕರು. ವಿಷಯ ಮುಂದೂಡಲಾಯಿತು. ವಾಯಿದೆ ಕೊಡುವುದು ನ್ಯಾಯಾಧೀಶರು ಮಾತ್ರ ಅಂದುಕೊಂಡಿದ್ದೆ.

'ನಾವೂ ಹೀಗೇ ಕಲಿತವರು' ಎಂಬ ಮಾತನ್ನು ನಾನು ನಮ್ಮ ಹಾಸ್ಟೆಲ್ಲಿನ ರ‍್ಯಾಗಿಂಗ್ ಸಮರ್ಥಿಸುವವರ ಬಾಯಲ್ಲೂ ಕೇಳಿದ್ದೇನೆ. ಅದರಲ್ಲಿ ವಾದವಿಲ್ಲ. ಆ ಕಾಲದಲ್ಲಿ ಊರಲ್ಲಿ ಜಮೀನಿತ್ತು, ಮನೆಯಿಂದ ಅಕ್ಕಿ ಬರುತ್ತಿತ್ತು, ಬಾಡಿಗೆ ಕಡಿಮೆಯಿತ್ತು. ಮುಖ್ಯವಾಗಿ, ಹಾಗೆ ಕಲಿಯಲಾರದೆ ಬಿಟ್ಟುಹೋದವರು ಇವತ್ತು ಸಭೆಗೆ ಬಂದು ತಮ್ಮ ಕಥೆ ಹೇಳುವುದಿಲ್ಲ.

ಮನಸ್ಸಿದ್ದರೆ ಮಾರ್ಗಗಳು ಹೊಸದಾಗಿ ಕಂಡುಹಿಡಿಯಬೇಕಾದವಲ್ಲ. ಲೆಕ್ಕಪರಿಶೋಧಕರ ಸಂಸ್ಥೆ ತನ್ನ ಆರ್ಟಿಕಲ್‌ಶಿಪ್ ವಿದ್ಯಾರ್ಥಿಗಳಿಗೆ ಕನಿಷ್ಠ ಶಿಷ್ಯವೇತನವನ್ನು ನಿಯಮದಲ್ಲೇ ಬರೆದಿದೆ. ಮೊತ್ತ ಕಡಿಮೆ ಎಂಬ ದೂರಿದೆ, ಆದರೆ ಕೇಳಲು ಒಂದು ಗೆರೆಯಾದರೂ ಇದೆ. ಆಂಧ್ರಪ್ರದೇಶ 2019ರಲ್ಲಿ ಹೊಸ ವಕೀಲರಿಗೆ ಮೊದಲ ಮೂರು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುವ ಯೋಜನೆ ತಂದಿತು. ಕೇರಳವೂ ಕಡಿಮೆ ಆದಾಯದ ಕಿರಿಯ ವಕೀಲರಿಗೆ ಶಿಷ್ಯವೇತನದ ನಿಯಮ ಮಾಡಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರಿಗೆ ಸರ್ಕಾರದ ತರಬೇತಿ ಭತ್ಯೆ ಇದೆ. ಅರ್ಹರು ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ನಮ್ಮ ಎಂಜಿನಿಯರಿಂಗ್ ಅಪ್ರೆಂಟಿಸ್‌ಗಳ ರಾಷ್ಟ್ರೀಯ ಯೋಜನೆಯಲ್ಲಿ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಸಣ್ಣ ಊರಿನ ಸೀನಿಯರ್‌ಗೆ ನಿಜಕ್ಕೂ ಕಷ್ಟವಿದ್ದರೆ ಅರ್ಧ ಅವರು, ಅರ್ಧ ಸರ್ಕಾರ ಎಂಬ ಇದೇ ಸೂತ್ರ ವಕೀಲರಿಗೂ ಆಗಬಹುದಲ್ಲ? ಸಂಘದ ಸಮಿತಿಯಲ್ಲಿ ಐದು ವರ್ಷ ತುಂಬದವರಿಗೆ ಒಂದೆರಡು ಸ್ಥಾನ ಇಡಲು ಸುಪ್ರೀಂ ಕೋರ್ಟ್ ಹೇಳುವವರೆಗೆ ಕಾಯಬೇಕಿಲ್ಲ, ಬೈಲಾ ತಿದ್ದಿದರೆ ಸಾಕು.

ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿರುವವರಿಗೆ ಒಂದು ಸಮಾಧಾನದ ಸುದ್ದಿಯನ್ನೂ ಹೇಳಬೇಕು. ಸನ್ನದು ಪಡೆಯಲು ಕೆಲವು ರಾಜ್ಯಗಳಲ್ಲಿ 40 ಸಾವಿರ ದಾಟಿದ್ದ ಶುಲ್ಕವನ್ನು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಕಾಯ್ದೆಯಲ್ಲಿ ಬರೆದ ಗೆರೆಗೆ ಇಳಿಸಿತು: ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ, ಪಂಗಡಕ್ಕೆ 125 ರೂಪಾಯಿ. ಮೂರು ವರ್ಷದ ಲೆಕ್ಕ ಶುರುವಾಗುವುದು ತಾತ್ಕಾಲಿಕ ನೋಂದಣಿಯ ದಿನದಿಂದ, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದ ದಿನದಿಂದಲ್ಲ. ಹಾಗಾಗಿ ನೋಂದಣಿಯನ್ನು ಮುಂದಕ್ಕೆ ಹಾಕಬೇಡಿ. ಮೊದಲ ದಿನದಿಂದಲೇ ಹಾಜರಾದ ಪ್ರಕರಣಗಳ ಡೈರಿ ಇಡಿ.

ನಮ್ಮ ಕಡೆಯವರಿಗೂ ಒಂದು ಮಾತು. ಎಂಜಿನಿಯರ್‌ಗಳಿಗೆ ವಕೀಲರ ಪರಿಷತ್ತಿನಂಥ ಶಾಸನಬದ್ಧ ಸಂಸ್ಥೆ ಇಲ್ಲ. 1920ರಲ್ಲಿ ಹುಟ್ಟಿದ ಎಂಜಿನಿಯರ್‌ಗಳ ಸಂಸ್ಥೆ ಇದೆ, ಆದರೆ ಕೆಲಸ ಮಾಡಲು ಅದರ ಸನ್ನದು ಬೇಕಿಲ್ಲ, ನನ್ನ ತರಗತಿಯಲ್ಲಿ ಅದರ ಹೆಸರು ಕೇಳಿದವರೂ ಕಡಿಮೆ. 2024ರಲ್ಲಿ ಐಟಿ ಕೆಲಸದ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ಬೆಂಗಳೂರಿನಲ್ಲಿ ದನಿ ಎತ್ತಿದ್ದು ಕೆಐಟಿಯು ಎಂಬ ನೌಕರರ ಸಂಘ. ನನ್ನ ಬಹುತೇಕ ಗೆಳೆಯರು ಅದನ್ನು ಮೀಮ್ ಮಾಡಿ ಹಂಚಿದರು, ಸಂಘ ಯಾವುದೆಂದು ಹುಡುಕಲಿಲ್ಲ. ಅಕ್ಕನ ಸಂಘದಲ್ಲಿ ಅವಳ ಪ್ರಸ್ತಾವ ಬಿದ್ದಿರಬಹುದು, ಆದರೆ ಬೀಳಲು ಒಂದು ಸಭೆ, ಒಂದು ನಡಾವಳಿ ಪುಸ್ತಕ, ಒಂದು ಮತ ಅವಳಿಗಿದೆ.

ಮುಂದಿನ ಸಾಮಾನ್ಯ ಸಭೆಗೆ ಅವಳು ಅದೇ ಪ್ರಸ್ತಾವವನ್ನು ಮತ್ತೆ ಕೊಟ್ಟಿದ್ದಾಳೆ. ಕಳೆದ ಸಲ ಅವಳ ಸಹಿ ಒಂದೇ ಇತ್ತು. ಈ ಸಲ ಹನ್ನೊಂದು ಸಹಿಗಳಿವೆ, ಅದರಲ್ಲಿ ಎರಡು ಸೀನಿಯರ್‌ಗಳದ್ದು.